ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್: ಚರಿತ್ರೆಯೂ ಅದರ ಪರೀಕ್ಷೆಯೂ

ಜೀವನಚರಿತ್ರೆಯನ್ನು ಬರೆಯುವವರಿಗೆ ಎಲ್ಲರೂ ಹೊಗಳುವ ವ್ಯಕ್ತಿಯೂ ಸುಲಭ, ಎಲ್ಲರೂ ತೆಗಳುವ ವ್ಯಕ್ತಿಯೂ ಸುಲಭ. ಯಾರ ಹೆಸರನ್ನೆತ್ತಿದೊಡನೆಯೇ ಕೇಳುವವರಲ್ಲಿ ಅರ್ಧ ಮಂದಿ ಕೈಮುಗಿದು, ಉಳಿದರ್ಧ ಮಂದಿ ಹುಬ್ಬುಗಂಟಿಕ್ಕುವರೋ ಅಂಥವರ ವಿಷಯದಲ್ಲಿಯೇ ಕಷ್ಟ. ಅಮೆರಿಕಾ ದೇಶದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಈ ಮೂರನೆಯ ಬಗೆಗೆ ಸೇರಿದವಳು. 1988ರಲ್ಲಿ ಈಕೆಯು ನೂರು ಮೀಟರುಗಳನ್ನು 10.49 ಸೆಕೆಂಡುಗಳಲ್ಲಿಯೂ, ಇನ್ನೂರು ಮೀಟರುಗಳನ್ನು 21.34 ಸೆಕೆಂಡುಗಳಲ್ಲಿಯೂ ಓಡಿದಳೆಂದು ವಿಶ್ವದಾಖಲೆಯ ಪಟ್ಟಿಯಲ್ಲಿ ಬರೆದಿದೆ. 2024ರಲ್ಲಿ ಪ್ಯಾರಿಸ್ ನಗರದ ಒಲಿಂಪಿಕ್ ಕ್ರೀಡೆಗಳು ಮುಗಿದಾಗಲೂ ಈ ಎರಡು ಸಂಖ್ಯೆಗಳನ್ನು ಯಾವ ಸ್ತ್ರೀಯೂ ದಾಟಿರಲಿಲ್ಲ. ಮೂವತ್ತಾರು ವರ್ಷಗಳಲ್ಲಿ ಪಾದರಕ್ಷೆ ಬದಲಾಯಿತು, ಓಟದ ಹಾದಿಯ ನೆಲಗಟ್ಟು ಬದಲಾಯಿತು, ಶಿಕ್ಷಣಕ್ರಮ ಬದಲಾಯಿತು; ಆ ಎರಡು ಸಂಖ್ಯೆಗಳು ಮಾತ್ರ ಬದಲಾಗಲಿಲ್ಲ. ಕೈಮುಗಿಯುವುದಕ್ಕೂ ಹುಬ್ಬುಗಂಟಿಕ್ಕುವುದಕ್ಕೂ ಇದೊಂದೇ ಕಾರಣ.

ಈಕೆಯ ಚರಿತ್ರೆಯನ್ನು ಹೇಳಿದವರಲ್ಲಿ ಮೂರು ಪಂಥಗಳು ಕಾಣಬರುತ್ತವೆ. ಮೊದಲನೆಯವರು ಪ್ರಶಸ್ತಿಕಾರರು. ಬಡತನದಲ್ಲಿ ಹುಟ್ಟಿದಳು, ಶ್ರಮಪಟ್ಟಳು, ಲೋಕವನ್ನು ಗೆದ್ದಳು ಎಂದು ಹೇಳಿ ಮುಗಿಸುವವರು. ಎರಡನೆಯವರು ಅಭಿಯೋಗಕಾರರು. ಇಂಥ ವೇಗವು ಮನುಷ್ಯಸಾಧ್ಯವಲ್ಲ, ಆದುದರಿಂದ ಅದು ಮದ್ದಿನ ಫಲ ಎಂದು ತೀರ್ಮಾನಿಸಿ ಅನಂತರ ಸಾಕ್ಷ್ಯವನ್ನು ಹುಡುಕುವವರು. ಮೂರನೆಯವರು ಶೋಕಕಾರರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಆಕೆ ಸತ್ತುದನ್ನೇ ಮುಂದಿಟ್ಟುಕೊಂಡು ಹಿಂದಿನದನ್ನೆಲ್ಲ ಆ ನೆರಳಿನಲ್ಲಿ ನೋಡುವವರು. ಈ ಮೂವರೂ ಒಂದೊಂದು ಭಾಗದಲ್ಲಿ ಸತ್ಯವನ್ನೇ ಹೇಳುತ್ತಾರೆ. ಒಂದೊಂದು ಭಾಗವನ್ನು ಬಿಡುತ್ತಾರೆ. ಬಿಟ್ಟುದನ್ನು ಕೂಡಿಸಿ, ಕೂಡಿಸಿದುದನ್ನು ತೂಗಿ ನೋಡುವುದೇ ವಿಮರ್ಶೆಯ ಕೆಲಸ.

ಮೊದಲು ನಿರ್ವಿವಾದವಾದ ಸಂಗತಿಗಳು. ಫ್ಲಾರೆನ್ಸ್ ಗ್ರಿಫಿತ್ 1959ನೆಯ ಡಿಸೆಂಬರ್ 21ರಂದು ಲಾಸ್ ಏಂಜಲೀಸ್ ನಗರದಲ್ಲಿ ಹುಟ್ಟಿದಳು. ಹನ್ನೊಂದು ಮಕ್ಕಳಲ್ಲಿ ಏಳನೆಯವಳು. ತಂದೆ ವಿದ್ಯುತ್ ಕೆಲಸದವನು, ತಾಯಿ ಬಟ್ಟೆ ಹೊಲಿಯುವವಳು. ತಂದೆತಾಯಿಗಳು ಬೇರೆಯಾದ ಮೇಲೆ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ವಾಟ್ಸ್ ಎಂಬ ಬಡವರ ಕೇರಿಯಲ್ಲಿ, ಸರ್ಕಾರವು ಕಟ್ಟಿಸಿದ್ದ ಮನೆಗಳಲ್ಲಿ ಬಾಳಿದಳು. ತಂದೆಯನ್ನು ನೋಡಲು ಮೊಹಾವೀ ಮರುಭೂಮಿಗೆ ಹೋದಾಗ ಹುಡುಗಿಯು ಕಾಡುಮೊಲಗಳ ಬೆನ್ನಟ್ಟಿ ಓಡುತ್ತಿದ್ದಳೆಂಬ ಕಥೆಯನ್ನು ಪ್ರಶಸ್ತಿಕಾರರು ತಪ್ಪದೆ ಹೇಳುತ್ತಾರೆ. ಶೂರನ ಬಾಲ್ಯದಲ್ಲಿಯೇ ಶೌರ್ಯದ ಚಿಹ್ನೆಯನ್ನು ಕಾಣಿಸುವುದು ಚರಿತ್ರೆಕಾರರ ಹಳೆಯ ಪದ್ಧತಿ. ಕಥೆ ಸೊಗಸಾಗಿದೆ, ಇರಲಿ. ಆದರೆ ಅದಕ್ಕಿಂತ ಬೆಲೆಯುಳ್ಳ ಸಂಗತಿಯೊಂದನ್ನು ಅವರು ಎರಡೇ ಮಾತಿನಲ್ಲಿ ದಾಟಿಬಿಡುತ್ತಾರೆ. ಕಾಲೇಜಿನ ಖರ್ಚಿಗೆ ಹಣವಿಲ್ಲದೆ ಈಕೆ ಓದನ್ನು ನಿಲ್ಲಿಸಿ ಒಂದು ಬ್ಯಾಂಕಿನಲ್ಲಿ ಹಣ ಎಣಿಸುವ ಕೆಲಸಕ್ಕೆ ಸೇರಿದ್ದಳು. ಬಾಬ್ ಕರ್ಸಿ ಎಂಬ ತರಬೇತುದಾರನು ವಿದ್ಯಾರ್ಥಿವೇತನಕ್ಕೆ ದಾರಿ ಮಾಡಿಕೊಟ್ಟು ಆಕೆಯನ್ನು ಪುನಃ ಕಾಲೇಜಿಗೆ ಕರೆತಂದನು. ಅಂದು ಆ ನೆರವು ಒದಗದಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ. ಪ್ರತಿಭೆಯು ತನ್ನಷ್ಟಕ್ಕೆ ತಾನೇ ದಾರಿ ಮಾಡಿಕೊಳ್ಳುತ್ತದೆಂಬ ಮಾತು ಕೇಳಲು ಹಿತವಾದುದು. ಎಷ್ಟೋ ಮನೆಗಳಲ್ಲಿ ಅದು ಸುಳ್ಳು. ಅನಂತರ ಈಕೆಯು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನು ಓದಿ 1983ರಲ್ಲಿ ಪದವಿ ಪಡೆದಳು.

1984ರಲ್ಲಿ ಸ್ವಂತ ಊರಿನಲ್ಲಿಯೇ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಇನ್ನೂರು ಮೀಟರುಗಳ ಓಟದಲ್ಲಿ ಈಕೆಗೆ ಎರಡನೆಯ ಸ್ಥಾನ; ಮೊದಲನೆಯವಳು ಅದೇ ದೇಶದ ವ್ಯಾಲರಿ ಬ್ರಿಸ್ಕೊ-ಹುಕ್ಸ್. ಮುಂದೆ ಕೆಲವು ಕಾಲ ಹಗಲು ಬ್ಯಾಂಕಿನ ಕೆಲಸ, ಸಂಜೆ ಇತರರ ತಲೆಗೂದಲನ್ನೂ ಉಗುರನ್ನೂ ಸಿಂಗರಿಸುವ ಕೆಲಸ; ಓಟವು ಹಿಂದೆ ಬಿತ್ತು. 1987ರಲ್ಲಿ ರೋಮ್ ನಗರದ ವಿಶ್ವಸ್ಪರ್ಧೆಯಲ್ಲಿ ಪುನಃ ಎರಡನೆಯ ಸ್ಥಾನ. ಆ ವರ್ಷವೇ, 1984ರ ತ್ರಿವಿಧ ಜಿಗಿತದ ವಿಜೇತನಾದ ಆಲ್ ಜಾಯ್ನರನೊಡನೆ ವಿವಾಹ. ಇಪ್ಪತ್ತೇಳು ವರ್ಷಗಳವರೆಗಿನ ಕಥೆಯ ಸಾರವಿಷ್ಟೆ: ಬಹಳ ಒಳ್ಳೆಯ ಓಟಗಾರ್ತಿ, ಎರಡನೆಯವಳು. ಮುಂದಿನ ಒಂದೇ ವರ್ಷದಲ್ಲಿ ನಡೆದುದು ಈ ಪೀಠಿಕೆಗೆ ಹೊಂದದಂತೆ ಕಾಣುವುದರಿಂದಲೇ ವಾದಗಳೆಲ್ಲ ಹುಟ್ಟಿದವು.

1988ನೆಯ ಜುಲೈ 16ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ಅಮೆರಿಕಾದ ಆಯ್ಕೆಯ ಸ್ಪರ್ಧೆಗಳು ನಡೆದವು. ನೂರು ಮೀಟರುಗಳ ಎರಡನೆಯ ಸುತ್ತಿನಲ್ಲಿ ಗಡಿಯಾರವು 10.49 ಎಂದು ತೋರಿತು. ಅದುವರೆಗಿನ ದಾಖಲೆಯು ಎವಲಿನ್ ಆಶ್‌ಫರ್ಡಳು 1984ರಲ್ಲಿ ಜೂರಿಕ್ ನಗರದಲ್ಲಿ ಓಡಿದ 10.76. ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಂತೆ ಸವೆಯುತ್ತ ಬರುವ ದಾಖಲೆಯು ಒಮ್ಮೆಗೇ ಇಪ್ಪತ್ತೇಳು ಪಾಲು ಕುಸಿಯಿತು. ಅಳತೆಗೆ ತಂದರೆ, ಹಳೆಯ ದಾಖಲೆಯ ಓಟಗಾರ್ತಿಯು ಪಕ್ಕದಲ್ಲಿಯೇ ಓಡಿದ್ದರೆ ಎರಡೂವರೆ ಮೀಟರು ಹಿಂದೆ ಉಳಿಯುತ್ತಿದ್ದಳು. ನೂರು ಮೀಟರುಗಳ ಓಟದಲ್ಲಿ ಎರಡೂವರೆ ಮೀಟರೆಂದರೆ ಒಂದು ತಲೆಮಾರು.

ಇಲ್ಲಿ ಮೊದಲನೆಯ ಆಕ್ಷೇಪ ಗಾಳಿಯದು. ಬೆನ್ನಿಗೆ ಬೀಸುವ ಗಾಳಿಯು ಸೆಕೆಂಡಿಗೆ ಎರಡು ಮೀಟರುಗಳನ್ನು ಮೀರಿದರೆ ಆ ಓಟವು ದಾಖಲೆಗೆ ಸಲ್ಲುವುದಿಲ್ಲವೆಂಬುದು ನಿಯಮ. ಆ ಓಟದಲ್ಲಿ ಗಾಳಿಮಾಪಕವು ಸೊನ್ನೆಯನ್ನು ತೋರಿತು. ಆದರೆ ಅದೇ ಹೊತ್ತಿನಲ್ಲಿ, ಅದೇ ಬಯಲಿನಲ್ಲಿ, ಪಕ್ಕದ ತ್ರಿವಿಧ ಜಿಗಿತದ ಹಾದಿಯಲ್ಲಿದ್ದ ಮಾಪಕವು 4.3 ಮೀಟರುಗಳನ್ನು ತೋರಿತ್ತು. ಅದೇ ಸುತ್ತಿನ ಎರಡನೆಯ ಓಟಕ್ಕೂ ಸೊನ್ನೆ, ಮೂರನೆಯದಕ್ಕೆ 5.0. ಮಳೆ ಸುರಿಯುವ ಅಂಗಳದಲ್ಲಿ ಒಂದು ಪಾತ್ರೆ ಮಾತ್ರ ಒಣಗಿದ್ದರೆ, ಆ ಪಾತ್ರೆಯ ಮೇಲೆ ಏನೋ ಮುಚ್ಚಿತ್ತೆಂದು ತಿಳಿಯುವುದು ನ್ಯಾಯ; ಮಳೆಯೇ ಬರಲಿಲ್ಲವೆನ್ನುವುದು ನ್ಯಾಯವಲ್ಲ. 1995ರಲ್ಲಿ ಲಿನ್‌ಥಾರ್ನ್ ಎಂಬ ಭೌತವಿಜ್ಞಾನಿಯು ಅಂದಿನ ಓಟಗಳನ್ನೆಲ್ಲ ಪರಿಶೀಲಿಸಿ, ಆ ಓಟಕ್ಕೆ ನಿಯಮವನ್ನು ಬಹಳವಾಗಿ ಮೀರಿದ ಗಾಳಿಯ ನೆರವಿತ್ತೆಂಬ ನಿರ್ಣಯಕ್ಕೆ ಬಂದನು. ಅಂಕಿಸಂಖ್ಯೆಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಪಂಡಿತಮಂಡಲಿಯೂ 1997ರಿಂದ ಈಚೆಗೆ ತನ್ನ ವಾರ್ಷಿಕದಲ್ಲಿ ಈ ದಾಖಲೆಯ ಮುಂದೆ, ಇದಕ್ಕೆ ಗಾಳಿಯ ಬಲವಾದ ಸಹಾಯವಿದ್ದಿರಬೇಕೆಂಬ ಟಿಪ್ಪಣಿಯನ್ನು ಹಾಕುತ್ತ ಬಂದಿತು. ಅಧಿಕಾರವುಳ್ಳ ಒಕ್ಕೂಟವು ಮಾತ್ರ ದಾಖಲೆಯನ್ನು ಕದಲಿಸಲಿಲ್ಲ. ಯಂತ್ರದ ವಾಕ್ಯವೇ ಪ್ರಮಾಣವೆಂದು ಅದು ಹಿಡಿಯಿತು. ಯಂತ್ರವೂ ಸಾಕ್ಷಿಯೇ, ಸಾಕ್ಷಿಯ ಮಾತು ಇತರ ಸಾಕ್ಷಿಗಳ ಮಾತಿಗೆ ವಿರುದ್ಧವಾದಾಗ ಅದನ್ನೂ ಪರೀಕ್ಷಿಸಬೇಕು. ಈ ಭಾಗದಲ್ಲಿ ಆಕ್ಷೇಪಕರ ಪಕ್ಷವೇ ಬಲವಾದುದು.

ಆದರೆ ಆಕ್ಷೇಪಕರು ಅಲ್ಲಿಗೇ ನಿಂತುಬಿಡುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ, ಆ ಓಟವನ್ನು ಪುಸ್ತಕದಿಂದ ಅಳಿಸಿದರೆ ಉಳಿಯುವುದೇನೆಂದು ನೋಡುವುದಿಲ್ಲ. ಮರುದಿನ, ಜುಲೈ 17ರಂದು, ಅದೇ ಸ್ಪರ್ಧೆಯ ಅಂತಿಮ ಓಟದಲ್ಲಿ ಗಾಳಿಯು 1.2 ಮೀಟರು, ನಿಯಮದೊಳಗೇ ಇತ್ತು, ಕಾಲ 10.61. ಎರಡು ತಿಂಗಳ ಮೇಲೆ ಸಿಯೋಲ್ ಒಲಿಂಪಿಕ್ ಕ್ರೀಡೆಗಳ ಪ್ರಾರಂಭದ ಸುತ್ತುಗಳಲ್ಲಿ, ಪುನಃ ನಿಯಮದೊಳಗಿನ ಗಾಳಿಯಲ್ಲಿ, 10.62. ಈ 10.61ನ್ನು ಸರಿಗಟ್ಟುವುದಕ್ಕೆ ಮತ್ತೊಬ್ಬಳು ಹುಟ್ಟಿಬರಬೇಕಾಯಿತು: ಜಮೈಕಾದ ಇಲೇನ್ ಥಾಮ್ಸನ್-ಹೆರಾ 2021ರಲ್ಲಿ ಟೋಕಿಯೋ ನಗರದಲ್ಲಿ ಅದನ್ನು ಸರಿಗಟ್ಟಿ, ಮರುತಿಂಗಳು 10.54ಕ್ಕೆ ಇಳಿಸಿದಳು. ಎಂದರೆ, ವಿವಾದದ ಓಟವು ನಡೆಯದೆಯೇ ಇದ್ದಿದ್ದರೂ ಮೂವತ್ತಮೂರು ವರ್ಷಗಳ ಕಾಲ ದಾಖಲೆಯು ಇದೇ ಸ್ತ್ರೀಯ ಹೆಸರಿನಲ್ಲಿಯೇ ಇರುತ್ತಿತ್ತು. ಇನ್ನೂರು ಮೀಟರುಗಳ 21.34ರ ವಿಷಯದಲ್ಲಿಯಂತೂ ಗಾಳಿಯ ವಾದಕ್ಕೆ ಅವಕಾಶವೇ ಇಲ್ಲ. ಸೆಪ್ಟೆಂಬರ್ 29ರಂದು ಉಪಾಂತ್ಯದ ಓಟದಲ್ಲಿ 21.56 ಓಡಿ ಹಳೆಯ 21.71ನ್ನು ಮುರಿದಳು, ಅದೇ ದಿನ ಅಂತಿಮ ಓಟದಲ್ಲಿ ಅದನ್ನೂ ಮುರಿದಳು. 2023ರಲ್ಲಿ ಶೆರಿಕಾ ಜಾಕ್ಸನ್ ಬುಡಾಪೆಸ್ಟ್ ನಗರದಲ್ಲಿ 21.41 ಓಡಿ ಅದರ ಹತ್ತಿರ ಬಂದಳು, ತಲಪಲಿಲ್ಲ. ಆದುದರಿಂದ ಗಾಳಿಯು ಒಂದು ಸಂಖ್ಯೆಯನ್ನು ಹಾರಿಸಿಕೊಂಡು ಹೋಗಬಲ್ಲುದೇ ಹೊರತು ಓಟಗಾರ್ತಿಯನ್ನಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು: ಉದ್ದೀಪನ ಮದ್ದಿನದು. ಸಿಯೋಲಿನಲ್ಲಿ ಈಕೆಯು ನೂರು ಮೀಟರುಗಳನ್ನು ಗೆದ್ದ ಎರಡೇ ದಿನಗಳಲ್ಲಿ, ಪುರುಷರ ಅದೇ ಓಟವನ್ನು ಗೆದ್ದಿದ್ದ ಬೆನ್ ಜಾನ್ಸನ್ ಮದ್ದು ಸೇವಿಸಿದ್ದನೆಂದು ಸಾಬೀತಾಗಿ ಪದಕವನ್ನು ಕಳೆದುಕೊಂಡನು. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಹುಡುಗಿಯರಿಗೆ ಮದ್ದು ತಿನ್ನಿಸುತ್ತಿದ್ದುದು ಆ ರಾಜ್ಯವು ಮುರಿದುಬಿದ್ದ ಮೇಲೆ ಅದರ ಕಾಗದಪತ್ರಗಳಿಂದಲೇ ಬಯಲಾಯಿತು. ಅಂಥ ಕಾಲದಲ್ಲಿ, ಒಂದೇ ವರ್ಷದಲ್ಲಿ ಅಷ್ಟು ಮುಂದೆ ಹೋದವಳು, 1989ರ ಫೆಬ್ರವರಿಯಲ್ಲಿ, ಮುನ್ಸೂಚನೆಯಿಲ್ಲದ ಪರೀಕ್ಷೆಗಳು ಜಾರಿಗೆ ಬರುವ ಹೊತ್ತಿನಲ್ಲಿಯೇ, ನಿವೃತ್ತಳಾದಳು. ಸಹ ಓಟಗಾರನೊಬ್ಬನು ತಾನೇ ಆಕೆಗೆ ಮದ್ದು ಮಾರಿದುದಾಗಿ ಹೇಳಿದನು. ಆಕೆ ಅದನ್ನು ಬಹಿರಂಗವಾಗಿ ಅಲ್ಲಗಳೆದಳು. ಇದು ಪೂರ್ವಪಕ್ಷ. ಇದರ ಉತ್ತರವಾಗಿ ಪ್ರಶಸ್ತಿಕಾರರು ಹೇಳುವುದು ಒಂದೇ ಮಾತು: ಎಷ್ಟು ಪರೀಕ್ಷೆಗಳಾದರೂ ಆಕೆಯ ದೇಹದಲ್ಲಿ ಯಾವ ಮದ್ದೂ ದೊರೆಯಲಿಲ್ಲ.

ಈ ಎರಡು ವಾಕ್ಯಗಳನ್ನೂ ಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡತಕ್ಕದ್ದು. ವಸ್ತುವು ಕಾಣಲಿಲ್ಲವೆಂಬುದರಿಂದ ವಸ್ತುವು ಇಲ್ಲವೆಂದು ಸಿದ್ಧವಾಗುವುದೇ? ಮೀಮಾಂಸಕರು ಇದಕ್ಕೆ ಎಂದೋ ಉತ್ತರ ಹೇಳಿದ್ದಾರೆ. ಕಾಣಲು ಯೋಗ್ಯವಾದುದು, ಕಾಣಲು ತಕ್ಕ ಸಾಮಗ್ರಿಯಿದ್ದೂ, ಕಾಣದಿದ್ದರೆ ಮಾತ್ರ ಅದರ ಅಭಾವವು ನಿಶ್ಚಯವಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಲಾಗದು. 1988ರ ಪರೀಕ್ಷೆಗಳು ಕೆಲವು ಮದ್ದುಗಳನ್ನು ಹಿಡಿಯಬಲ್ಲವಾಗಿದ್ದವು. ಜಾನ್ಸನ್ ಸಿಕ್ಕಿಬಿದ್ದುದೇ ಅದಕ್ಕೆ ದೃಷ್ಟಾಂತ. ಬೆಳವಣಿಗೆಯ ಹಾರ್ಮೋನಿನಂಥದನ್ನು ಅಂದು ಹಿಡಿಯುವ ಉಪಾಯವೇ ಇರಲಿಲ್ಲ. ಅದಕ್ಕೆ ಒಲಿಂಪಿಕ್ ಕ್ರೀಡೆಗಳಲ್ಲಿ ಪರೀಕ್ಷೆ ಬಂದುದು 2004ರಲ್ಲಿ. ಆದುದರಿಂದ ಪ್ರಶಸ್ತಿಕಾರರ ವಾಕ್ಯವು ಸತ್ಯವಾದರೂ ಪೂರ್ಣವಲ್ಲ. ಅದು ಅರ್ಧ ಬೆಳಕಿನ ಕೋಣೆಯ ಸಾಕ್ಷ್ಯ.

ಅಭಿಯೋಗಕಾರರ ಅನುಮಾನವಾದರೋ ಇದಕ್ಕಿಂತಲೂ ದುರ್ಬಲವಾದುದು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿಯೆಂಬಂತೆ, ಎಲ್ಲೆಲ್ಲಿ ಹಠಾತ್ತಾದ ಮುನ್ನಡೆಯೋ ಅಲ್ಲಲ್ಲಿ ಮದ್ದು ಎಂಬ ವ್ಯಾಪ್ತಿಯನ್ನು ಅವರು ಕಲ್ಪಿಸುತ್ತಾರೆ. ಈ ವ್ಯಾಪ್ತಿಯು ನಿರ್ದುಷ್ಟವಲ್ಲ. ಕೂಲಿಯ ಕೆಲಸ ಮಾಡುತ್ತ ಅಭ್ಯಾಸ ಮಾಡುವವಳಿಗೂ, ಅಭ್ಯಾಸವನ್ನೇ ಕೆಲಸವಾಗಿ ಮಾಡಿಕೊಂಡವಳಿಗೂ ವ್ಯತ್ಯಾಸವಿಲ್ಲವೇ? ರೋಮ್ ನಗರದ ಸೋಲಿನ ತರುವಾಯ ಆಕೆ ಭಾರವೆತ್ತುವ ವ್ಯಾಯಾಮವನ್ನು ಕಠಿಣವಾಗಿ ಸಾಧಿಸಿದಳೆಂಬುದೂ, ಗಂಡನೇ ಗುರುವಾಗಿ ನಿಂತನೆಂಬುದೂ ಪ್ರಸಿದ್ಧವಾದ ಸಂಗತಿಗಳು. ಹೇತುವು ಇಷ್ಟು ಕಡೆಗೆ ಹರಿಯುವಾಗ ಸಾಧ್ಯವನ್ನು ಒಂದೇ ಕಡೆ ಕಟ್ಟಿಹಾಕುವುದು ತರ್ಕವಲ್ಲ. ನ್ಯಾಯಶಾಸ್ತ್ರದಲ್ಲಿ ಸಂಶಯಕ್ಕೆ ಗೌರವದ ಸ್ಥಾನವುಂಟು. ಅದು ವಿಚಾರದ ಬಾಗಿಲು. ಬಾಗಿಲಿನಲ್ಲಿಯೇ ಹಾಸಿಗೆ ಹಾಕಿಕೊಂಡು ಮಲಗುವವನು ಮನೆಯನ್ನು ನೋಡಿದೆನೆಂದು ಹೇಳಲಾಗದು.

ಈ ಸಂಶಯವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ 2017ರ ಪ್ರಸಂಗವೊಂದು ನಿದರ್ಶನ. 2005ಕ್ಕೆ ಹಿಂದಿನ ದಾಖಲೆಗಳನ್ನು ಒಟ್ಟಾಗಿ ಬದಿಗಿರಿಸಬೇಕೆಂದು ಯುರೋಪು ಖಂಡದ ಅಥ್ಲೆಟಿಕ್ ಸಂಸ್ಥೆಯು ಅಂದು ಸೂಚಿಸಿತು. ಅದು ಜಾರಿಗೆ ಬಂದಿದ್ದರೆ ಈಕೆಯ ಎರಡು ದಾಖಲೆಗಳೂ ಹೋಗುತ್ತಿದ್ದವು. ಜೊತೆಗೆ ಎಂದೂ ಯಾರೂ ಸಂಶಯಪಡದ ಹಲವರ ದಾಖಲೆಗಳೂ ಹೋಗುತ್ತಿದ್ದವು. ಅದು ಜಾರಿಗೆ ಬರಲಿಲ್ಲ. ಕಳ್ಳರನ್ನು ಹಿಡಿಯಲಾರದ ಊರು ಕೇರಿಯನ್ನೇ ಸುಡುವುದು ದಂಡನೀತಿಯಲ್ಲ. ಆದರೂ ಅಂಥ ಸಲಹೆಯು ಹುಟ್ಟಿತೆಂಬುದು ಆ ಕಾಲದ ಕ್ರೀಡಾಡಳಿತದ ಮೇಲೆಯೇ ಒಂದು ತೀರ್ಪು. ಅಂದು ಪರೀಕ್ಷೆಯನ್ನು ಬಿಗಿಯಾಗಿ ನಡೆಸಿದ್ದರೆ ತಪ್ಪಿತಸ್ಥಳಾಗಿದ್ದಲ್ಲಿ ತಪ್ಪು ಹೊರಬೀಳುತ್ತಿತ್ತು, ನಿರಪರಾಧಿಯಾಗಿದ್ದಲ್ಲಿ ಕಳಂಕವು ಅಂಟುತ್ತಿರಲಿಲ್ಲ. ಪರೀಕ್ಷಕನ ಸೋಮಾರಿತನದ ದಂಡವನ್ನು ವಿದ್ಯಾರ್ಥಿಯು ಜೀವಮಾನವೆಲ್ಲ ತೆರುವಂತಾಯಿತು.

ಮೂರನೆಯ ಆಕ್ಷೇಪವು ಚಿಕ್ಕದಾಗಿ ಕಂಡರೂ ವಿದ್ಯಾವಂತರ ಮನೆಗಳಲ್ಲಿ ಹೆಚ್ಚು ಕೇಳಬರುವುದು ಅದೇ: ಆಕೆಯ ಅಲಂಕಾರ. ಒಂದು ಕಾಲನ್ನು ಮುಚ್ಚಿ ಇನ್ನೊಂದನ್ನು ಬಿಟ್ಟ ಉಡುಪು, ಜಾಲರಿಯ ಬಟ್ಟೆ, ಹರಡಿದ ಕೂದಲು, ಉದ್ದುದ್ದನೆಯ ಬಣ್ಣದ ಉಗುರುಗಳು. ಓಟಕ್ಕೆ ಬಂದವಳಿಗೆ ಇದೇಕೆ, ನಾಟಕದವಳಂತೆ, ಎಂದು ಕೇಳಿದವರುಂಟು. ಅಲಂಕಾರಶಾಸ್ತ್ರವನ್ನು ಬಲ್ಲವರು ಇದನ್ನು ಹೀಗೆ ಕೇಳಲಾರರು. ಅಲಂಕಾರವು ದೋಷವಾಗುವುದು ರಸಕ್ಕೆ ಅಡ್ಡಬಂದಾಗ. ಉಚಿತವಾದುದು ಎಷ್ಟಿದ್ದರೂ ಭಾರವಲ್ಲ. ಇಲ್ಲಿ ರಸವೆಂದರೆ ವೇಗ. ಆ ಉಡುಪು ವೇಗವನ್ನು ಕೆಡಿಸಿತೇ? ಗಡಿಯಾರವೇ ಉತ್ತರ ಹೇಳಿದೆ. ಮೇಲಾಗಿ ಆ ಉಡುಪುಗಳನ್ನು ಯೋಚಿಸಿ ರೂಪಿಸಿದವಳು ಆಕೆಯೇ. ಹೊಲಿಗೆಯವಳ ಮಗಳು ತಾಯಿಯ ಮನೆಯ ವಿದ್ಯೆಯನ್ನು ಮೈಮೇಲೆ ಧರಿಸಿ ಲೋಕದ ಮುಂದೆ ಓಡಿದಳೆಂದು ನೋಡಿದರೆ, ಜಂಭವೆಂದು ಕಂಡುದು ಅಭಿಮಾನವೆಂದು ಕಾಣುವುದು. ಸ್ತ್ರೀಯು ಬಲಶಾಲಿಯಾಗಬೇಕಾದರೆ ಸೌಂದರ್ಯವನ್ನು ತೊರೆಯಬೇಕು, ಸುಂದರಿಯಾಗಬೇಕಾದರೆ ಬಲವನ್ನು ತೊರೆಯಬೇಕು ಎಂಬ ಕಟ್ಟಳೆಯನ್ನು ಆಕೆ ಬಾಯಿಂದ ಖಂಡಿಸಲಿಲ್ಲ, ಓಡಿ ಖಂಡಿಸಿದಳು.

ಮೂರು ಪಂಥದವರೂ ಹಗುರಾಗಿ ಬಿಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳತಕ್ಕದ್ದು. ಸಿಯೋಲಿನಲ್ಲಿ ಆಕೆಗೆ ಮೂರು ಚಿನ್ನದ ಪದಕಗಳು ದೊರೆತವು, ನಾಲ್ಕನೆಯದು ಬೆಳ್ಳಿಯದು. ಅಕ್ಟೋಬರ್ 1ರಂದು, ನಾಲ್ವರು ನೂರು ನೂರು ಮೀಟರು ಓಡುವ ಸರದಿ ಓಟವನ್ನು ಗೆದ್ದ ದಿನವೇ, ತನ್ನದಲ್ಲದ ನಾನೂರು ಮೀಟರುಗಳ ಸರದಿ ಓಟದಲ್ಲಿಯೂ ಆಕೆ ಕಡೆಯ ಪಾಳಿಯನ್ನು ವಹಿಸಿಕೊಂಡಳು. ಎದುರಿಗಿದ್ದವಳು ನಾನೂರು ಮೀಟರುಗಳ ಚಾಂಪಿಯನ್ ಆದ ಸೋವಿಯೆಟ್ ದೇಶದ ಓಲ್ಗಾ ಬ್ರಿಜ್‌ಗಿನಾ. ಹಲವು ದಿನಗಳ ಓಟಗಳಿಂದ ಬಳಲಿದ ಕಾಲುಗಳಿಂದ ಆಕೆಯನ್ನು ಬೆನ್ನಟ್ಟಿ, ಹಿಡಿಯಲಾರದೆ, ಆದರೂ ಬಿಡದೆ ಓಡಿದಳು. ಸೋವಿಯೆಟ್ ತಂಡಕ್ಕೆ 3 ನಿಮಿಷ 15.17 ಸೆಕೆಂಡುಗಳು, ಅಮೆರಿಕಾಕ್ಕೆ 15.51. 2024ರ ಪ್ಯಾರಿಸ್ ಕ್ರೀಡೆಗಳಲ್ಲಿಯೂ ಆ 15.17 ಅಳಿಯಲಿಲ್ಲ. ಗೆದ್ದ ಓಟಗಳು ಆಕೆಯ ವೇಗವನ್ನು ಹೇಳುತ್ತವೆ. ಈ ಸೋತ ಓಟವು ಆಕೆಯ ಸ್ವಭಾವವನ್ನು ಹೇಳುತ್ತದೆ. ಮದ್ದಿನ ಮಾತೂ ಗಾಳಿಯ ಮಾತೂ ಮುಟ್ಟದ ಭಾಗವಿದು.

1990ರಲ್ಲಿ ಆಕೆಗೆ ಮಗಳೊಬ್ಬಳು ಹುಟ್ಟಿದಳು. 1993ರಲ್ಲಿ ಅಮೆರಿಕಾದ ಅಧ್ಯಕ್ಷನ ದೈಹಿಕ ಶಿಕ್ಷಣ ಮಂಡಲಿಗೆ ಇಬ್ಬರು ಅಧ್ಯಕ್ಷರಲ್ಲಿ ಒಬ್ಬಳಾಗಿ ನಿಯಮಿತಳಾದಳು. 1998ನೆಯ ಸೆಪ್ಟೆಂಬರ್ 21ರಂದು ನಿದ್ರೆಯಲ್ಲಿ ಅಪಸ್ಮಾರ ಬಂದು ತೀರಿಕೊಂಡಳು. ಸುದ್ದಿ ಹರಡಿದೊಡನೆ, ಇದೇ ಮದ್ದಿನ ಫಲವೆಂದು ಕೈಬೆರಳು ಚಾಚಿದವರು ಅನೇಕರು. ವೈದ್ಯರು ಶವಪರೀಕ್ಷೆ ಮಾಡಿ, ಮಿದುಳಿನ ರಕ್ತನಾಳದಲ್ಲಿ ಹುಟ್ಟಿನಿಂದಲೇ ಇದ್ದ ದೋಷವನ್ನು ಕಂಡು ಹೇಳಿದರು. ಬೆರಳು ಚಾಚಿದವರಲ್ಲಿ ಅದನ್ನು ಹಿಂದಕ್ಕೆ ತೆಗೆದವರು ಕಡಮೆ. ಸಾವನ್ನು ಸಾಕ್ಷಿಯಾಗಿ ಕರೆಯುವವರು ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಕೇಳಬೇಕು. ಹಾಗೆಯೇ ಶೋಕಕಾರರೂ ನೆನೆಯಬೇಕಾದುದೊಂದುಂಟು: ಆಕೆ ಓಡಿದುದು ಸಾಯುವುದಕ್ಕಾಗಿ ಅಲ್ಲ, ಅಂತ್ಯವು ಕರುಣಾಜನಕವಾದ ಮಾತ್ರಕ್ಕೆ ಇಡೀ ಚರಿತ್ರೆಯು ಕರುಣರಸದ್ದಾಗುವುದಿಲ್ಲ.

ಆಕೆ ಬಿಟ್ಟುಹೋದ ಆಸ್ತಿ ಎರಡು ಬಗೆಯದು. ಸಂಖ್ಯೆಗಳು ಒಂದು, ಧೈರ್ಯವೊಂದು. 2021ರಲ್ಲಿ ಆಸ್ಟ್ರೇಲಿಯಾದ ಟೆನಿಸ್ ಪಂದ್ಯಗಳಲ್ಲಿ ಸೆರೀನಾ ವಿಲಿಯಮ್ಸ್ ಒಂದೇ ಕಾಲಿನ ಉಡುಪಿನಲ್ಲಿ ಆಡಿ, ಅದು ಈಕೆಯ ಸ್ಮರಣೆಯೆಂದು ಹೇಳಿದಳು. ಕನ್ನಡನಾಡಿಗೂ ಈ ಹೆಸರು ಅಪರಿಚಿತವಲ್ಲ. ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪನವರನ್ನು ಪತ್ರಿಕೆಗಳು ‘ಭಾರತದ ಫ್ಲೋ-ಜೋ’ ಎಂದು ಕರೆದವು. ಆ ಬಿರುದಿನಲ್ಲಿ ಅರ್ಧ ವೇಗಕ್ಕೆ, ಅರ್ಧ ಉಡುಪಿಗೆ. ಆದರೆ ಬಿರುದನ್ನು ಹೊತ್ತವರು ಮುಂದೆ ಮಾಡಿದ ಕೆಲಸವು ಬಿರುದಿಗಿಂತ ದೊಡ್ಡದು: ಕೊಡಗಿನಲ್ಲಿ ಮಕ್ಕಳಿಗಾಗಿ ಶಾಲೆಯನ್ನು ಕಟ್ಟಿದರು, ಕ್ರೀಡೆಯು ಮದ್ದಿನಿಂದ ಮುಕ್ತವಾಗಿರಬೇಕೆಂಬ ಚಳವಳಿಯ ಮುಂದಾಳುಗಳಾದರು. ಒಂದು ಹೆಸರಿಗೆ ಅಂಟಿದ ಸಂಶಯಕ್ಕೆ ಅದೇ ಹೆಸರಿನಿಂದ ಕರೆಯಿಸಿಕೊಂಡ ಮತ್ತೊಬ್ಬರು ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದು ಯಾವುದು?

ಇನ್ನು ಉಪಸಂಹಾರ. 10.49 ಎಂಬ ಸಂಖ್ಯೆಯ ಪಕ್ಕದಲ್ಲಿ ಸಂಶಯದ ಗುರುತೊಂದಿರುವುದು ಸತ್ಯಕ್ಕೆ ಸಲ್ಲಿಸುವ ಮರ್ಯಾದೆ. 10.61, 10.62, 21.34 ಎಂಬ ಸಂಖ್ಯೆಗಳಿಗೆ ಗಾಳಿಯ ಗುರುತು ಬೇಡ. ಮದ್ದಿನ ವಿಷಯದಲ್ಲಿ ಆರೋಪವು ಸಿದ್ಧವಾಗಿಲ್ಲ. ಅಂದಿನ ಪರೀಕ್ಷೆಗಳ ಶಕ್ತಿಯನ್ನು ನೋಡಿದರೆ ಪರಿಹಾರವೂ ಪೂರ್ಣವಾಗಿಲ್ಲ. ಸಿದ್ಧವಾಗದ ಆರೋಪವನ್ನು ಸಿದ್ಧವಾದಂತೆ ಆಡುವುದು, ಅದರಲ್ಲಿಯೂ ಉತ್ತರ ಹೇಳಲು ಬದುಕಿಲ್ಲದವರ ಮೇಲೆ ಆಡುವುದು, ವಿದ್ಯಾವಂತರಿಗೆ ಸಲ್ಲದು. ಮನೆಯ ಹುಡುಗಿಯೊಬ್ಬಳು ವೇಗವಾಗಿ ಓಡಿ ಬಂದಾಗ ಆಕೆಯನ್ನು ಹೇಗೆ ಓಡಿದೆಯೆಂದು ಕೇಳುವ ಬದಲು ಏನು ತಿಂದೆಯೆಂದು ಕೇಳುವ ಕಾಲವು ಬಾರದಿರಬೇಕಾದರೆ, ಪರೀಕ್ಷಕರು ಎಚ್ಚರವಾಗಿರಬೇಕು, ನೋಡುವವರು ನ್ಯಾಯವಂತರಾಗಿರಬೇಕು. ಫ್ಲಾರೆನ್ಸ್ ಗ್ರಿಫಿತ್ ಜಾಯ್ನರಿಗೆ ಈ ಎರಡೂ ದೊರೆಯಲಿಲ್ಲ. ಮುಂದಿನವರಿಗೆ ದೊರೆಯಲಿ.